ಮಗು ಎಷ್ಟು ಸಲ ಹೇಳಬೇಕು?

ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗು ನಡೆದದ್ದನ್ನು ಮೊದಲು ತಾಯಿಗೋ ಟೀಚರಿಗೋ ಹೇಳುತ್ತದೆ. ಆಮೇಲೆ ಪೊಲೀಸರಿಗೆ, ವೈದ್ಯರಿಗೆ, ಮಕ್ಕಳ ಕಲ್ಯಾಣ ಸಮಿತಿಗೆ, ಮ್ಯಾಜಿಸ್ಟ್ರೇಟರಿಗೆ. ಎಷ್ಟೋ ತಾರೀಖುಗಳು ಮುಂದೆ ಹೋದ ಮೇಲೆ ನ್ಯಾಯಾಲಯದಲ್ಲಿ ಮತ್ತೆ ಹೇಳಬೇಕು, ಪಾಟೀ ಸವಾಲನ್ನೂ ಎದುರಿಸಬೇಕು. ಮರೆತುಬಿಡು ಎನ್ನುತ್ತದೆ ಮನೆ. ನೆನಪಿಟ್ಟುಕೋ ಎನ್ನುತ್ತದೆ ವ್ಯವಸ್ಥೆ.

ಕಾನೂನಿಗೆ ಇದು ಗೊತ್ತಿಲ್ಲವೆಂದಲ್ಲ. 2012ರ ನವೆಂಬರ್ 14ರಂದು, ಮಕ್ಕಳ ದಿನದಂದೇ ಜಾರಿಗೆ ಬಂದ, ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಪೋಕ್ಸೊ ಕಾಯ್ದೆಯ ಪ್ರಕಾರ ಹೇಳಿಕೆ ಪಡೆಯುವ ಪೊಲೀಸರು ಸಮವಸ್ತ್ರ ತೊಟ್ಟಿರಬಾರದು. ಸಾಕ್ಷ್ಯ ಹೇಳುವಾಗ ಆರೋಪಿ ಮಗುವಿನ ಕಣ್ಣಿಗೆ ಬೀಳಬಾರದು. ವಕೀಲರ ಪ್ರಶ್ನೆಗಳು ನ್ಯಾಯಾಧೀಶರ ಮೂಲಕವೇ ಮಗುವನ್ನು ತಲುಪಬೇಕು. ನ್ಯಾಯಾಲಯ ಪ್ರಕರಣವನ್ನು ಕೈಗೆತ್ತಿಕೊಂಡ 30 ದಿನಗಳಲ್ಲಿ ಮಗುವಿನ ಸಾಕ್ಷ್ಯ ದಾಖಲಾಗಬೇಕು, ‘ಸಾಧ್ಯವಾದ ಮಟ್ಟಿಗೆ’ ಒಂದು ವರ್ಷದೊಳಗೆ ವಿಚಾರಣೆ ಮುಗಿಯಬೇಕು. ಆ ‘ಸಾಧ್ಯವಾದ ಮಟ್ಟಿಗೆ’ ಎಂಬ ಸಂದಿಯಲ್ಲೇ ವರ್ಷಗಳು ಸೋರಿಹೋಗುತ್ತವೆ.

ಜನರ ಆಕ್ರೋಶಕ್ಕೆ ನಾವು ಕೊಟ್ಟ ಉತ್ತರ ಶಿಕ್ಷೆಯ ಹೆಚ್ಚಳ. 2019ರ ತಿದ್ದುಪಡಿ ಅತಿ ಘೋರ ಪ್ರಕರಣಗಳಿಗೆ ಮರಣದಂಡನೆಯನ್ನೂ ಸೇರಿಸಿತು. ಆದರೆ ಆರೋಪಿ ಬಹುಪಾಲು ಮಗುವಿಗೆ ಗೊತ್ತಿರುವವನೇ: ಬಂಧು, ನೆರೆಯವ, ಪಾಠ ಹೇಳುವವ. ಚಿಕ್ಕಪ್ಪನನ್ನು ಗಲ್ಲಿಗೆ ಕಳಿಸುತ್ತೀಯಾ ಎಂದು ಮನೆಯವರೇ ಕೇಳಿದರೆ ಯಾವ ಮಗು ಬಾಯಿ ಬಿಟ್ಟೀತು? ಪ್ರಕರಣ ಎಳೆದಷ್ಟೂ ಈ ಒತ್ತಡ ಏರುತ್ತದೆ, ತಾಯಿಯೇ ಪ್ರತಿಕೂಲ ಸಾಕ್ಷಿಯಾಗುತ್ತಾಳೆ. ಎಂಟರ ವಯಸ್ಸಿನಲ್ಲಿ ಕಂಡದ್ದನ್ನು ಹನ್ನೆರಡರಲ್ಲಿ ಹೇಳುವಾಗ ದಿನ, ಹೊತ್ತು, ಬಟ್ಟೆಯ ಬಣ್ಣ ಮಸುಕಾಗಿರುತ್ತವೆ. ಆ ಮಸುಕನ್ನೇ ಸುಳ್ಳಿನ ಗುರುತೆಂದು ವಾದಿಸಲಾಗುತ್ತದೆ.

ಪಾಟೀ ಸವಾಲಿಲ್ಲದೆ ಯಾರನ್ನೂ ಶಿಕ್ಷಿಸಬಾರದೆಂಬ ಮಾತು ಸರಿಯಾದುದೇ. ಆರೋಪ ಸುಳ್ಳಾಗಿದ್ದರೆ ನಿರಪರಾಧಿಯ ಬದುಕು ಹಾಳಾಗುತ್ತದೆ. ಆದರೆ ಸವಾಲು ತಡವಾಗಿಯೇ ನಡೆಯಬೇಕೆಂದು ಯಾವ ನ್ಯಾಯಸೂತ್ರವೂ ಹೇಳುವುದಿಲ್ಲ. ಐಸ್‌ಲ್ಯಾಂಡ್ 1998ರಲ್ಲಿ ಆರಂಭಿಸಿದ ‘ಬಾರ್ನಾಹುಸ್’ ಎಂಬ ಮಕ್ಕಳ ಮನೆಯಲ್ಲಿ ತರಬೇತಿ ಪಡೆದ ಒಬ್ಬರೇ ಮಗುವಿನೊಡನೆ ಮಾತಾಡುತ್ತಾರೆ. ಪಕ್ಕದ ಕೋಣೆಯಿಂದ ನ್ಯಾಯಾಧೀಶರು, ಪೊಲೀಸರು, ಆರೋಪಿಯ ವಕೀಲರು ನೋಡುತ್ತ ತಮ್ಮ ಪ್ರಶ್ನೆಗಳನ್ನು ಆ ಒಬ್ಬರ ಮೂಲಕವೇ ಕೇಳಿಸುತ್ತಾರೆ. ಎಲ್ಲವೂ ವಿಡಿಯೊದಲ್ಲಿ ದಾಖಲಾಗುತ್ತದೆ, ವೈದ್ಯಕೀಯ ತಪಾಸಣೆಯೂ ಅಲ್ಲೇ. ನೆನಪು ಹಸಿಯಾಗಿರುವಾಗ ಪಡೆದ ಸಾಕ್ಷ್ಯ ನಿರಪರಾಧಿಗೂ ರಕ್ಷೆ. ಇಲ್ಲಿ ಕರುಣೆಯ ದಾರಿಯೂ ಸತ್ಯದ ದಾರಿಯೂ ಒಂದೇ.

ಪ್ರತಿ ಜಿಲ್ಲೆಯಲ್ಲೂ ಇಂಥ ಒಂದು ಮನೆ ಬೇಕು. ಮೊದಲ ಹೇಳಿಕೆಯೇ ದಾಖಲಾಗಿ, ಸವಾಲು ತಿಂಗಳೊಳಗೆ ಮುಗಿಯಬೇಕು. ದೂರಿನಿಂದ ತೀರ್ಪಿನವರೆಗೂ ಜೊತೆಗಿರಲೆಂದು ಕಾನೂನು ಗುರುತಿಸಿರುವ ಬೆಂಬಲ ವ್ಯಕ್ತಿ ಪ್ರತಿ ಮಗುವಿಗೂ ಸಿಗಬೇಕು, ಆ ಕೆಲಸಕ್ಕೆ ತಕ್ಕ ಸಂಬಳವೂ ಇರಬೇಕು. ಇದಕ್ಕೆ ಹೊಸ ಶಿಕ್ಷೆಗಳು ಬೇಕಿಲ್ಲ. ಹಣ, ತರಬೇತಿ, ಮನಸ್ಸು ಬೇಕು.

ನಮ್ಮ ಪಾಲಿನ ಕೆಲಸವೂ ಇದೆ. ಮಗು ಬಾಯಿ ಬಿಟ್ಟಾಗ ನಂಬೋಣ, ಕೆದಕಿ ಕೆದಕಿ ಕೇಳದಿರೋಣ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡೋಣ. ಧೈರ್ಯ ಮಾಡಿ ಒಮ್ಮೆ ಹೇಳಿದ ಮಗುವಿನ ಕೆಲಸ ಅಲ್ಲಿಗೆ ಮುಗಿಯಿತು. ಉಳಿದದ್ದು ದೊಡ್ಡವರ ಹೊಣೆ.