ವಿಲಾಸದ ಕಾರೂ ವಿಶ್ವಾಸದ ಬೆಲೆಯೂ

2025ನೆಯ ಇಸವಿ ಸೆಪ್ಟೆಂಬರು 22ನೆಯ ತಾರೀಖಿನಿಂದ ನಮ್ಮ ದೇಶದಲ್ಲಿ ದೊಡ್ಡ ಕಾರುಗಳ ಮೇಲಣ ಸರಕು ಮತ್ತು ಸೇವಾ ತೆರಿಗೆಯು ಶೇಕಡಾ 40 ಎಂದು ಗೊತ್ತಾಯಿತು. ಅದಕ್ಕೆ ಮುಂಚೆ ಶೇಕಡಾ 28ರ ತೆರಿಗೆಯೂ ಅದರ ಮೇಲಿನ ಉಪಕರವೂ ಸೇರಿ, ಕೆಲವು ಜಾತಿಯ ದೊಡ್ಡ ಕಾರುಗಳಿಗೆ ಶೇಕಡಾ 50ರವರೆಗೆ ಏರುತ್ತಿದ್ದಿತು. ಹೊಸದಾಗಿ ಕೊಳ್ಳುವವರು ಸಂತೋಷಪಟ್ಟರು, ಅದು ಸಹಜವೇ. ಆದರೆ ಆಗಸ್ಟು ತಿಂಗಳಲ್ಲಿ ಕೊಂಡವರ ಗತಿ ಏನಾಯಿತು? ತೆರಿಗೆಗೆ ಮೊದಲು 50 ಲಕ್ಷ ರೂಪಾಯಿ ಬೆಲೆಯ ಕಾರಿಗೆ ಅವರು 75 ಲಕ್ಷ ತೆತ್ತಿದ್ದರು. ಮರುತಿಂಗಳು ಅದೇ ಕಾರು 70 ಲಕ್ಷಕ್ಕೆ ದೊರೆಯಿತು. ಗಾಡಿಯು ಮನೆಯ ಮುಂದಿನಿಂದ ಕದಲದಿದ್ದರೂ ಅದರ ಮೌಲ್ಯದಲ್ಲಿ 5 ಲಕ್ಷ ರೂಪಾಯಿ ಕರಗಿಹೋಯಿತು. ಹಳೆಯ ಕಾರಿನ ಬೆಲೆ ಅದರ ಯಂತ್ರದಿಂದ ಮಾತ್ರ ನಿರ್ಣಯವಾಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಅತಿವೇಗದ ವಿಲಾಸ ಕಾರುಗಳು ನಾಲ್ಕೈದು ವರ್ಷಗಳಲ್ಲಿ ಅರ್ಧ ಬೆಲೆಗೂ ಅದಕ್ಕಿಂತ ಕೆಳಕ್ಕೂ ಇಳಿಯುವುದನ್ನು ಸರ್ವರೂ ಬಲ್ಲರು. ಇದು ಧನಿಕರ ತಾಪತ್ರಯ, ಸಾಮಾನ್ಯರಿಗೆ ಇದರ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. ಮೊದಲನೆಯ ಒಡೆಯನ ಮಟ್ಟಿಗೆ ಆ ಮಾತು ಸರಿಯೇ. ಆದರೆ ಆ ಕಾರಿನ ಎರಡನೆಯ, ಮೂರನೆಯ ಒಡೆಯರು ಯಾರು? ಹೊಸದೊಂದು ಸಾಮಾನ್ಯ ಕಾರಿನ ಬೆಲೆಗೆ ಜರ್ಮನಿಯ ಹೆಸರಾಂತ ಕಾರು ಸಿಕ್ಕುವುದನ್ನು ಕಂಡು ಬ್ಯಾಂಕಿನಲ್ಲಿ ಸಾಲ ಮಾಡಿ ಕೊಳ್ಳುವ ಸಂಬಳದಾರರು, ವಕೀಲರು, ಸಣ್ಣ ವರ್ತಕರು. ಮೊದಲನೆಯವನ ನಷ್ಟವು ಅವನ ಐಶ್ವರ್ಯದಲ್ಲಿ ಮುಚ್ಚಿಹೋಗುತ್ತದೆ. ಇವರ ನಷ್ಟವು ಸಂಸಾರವನ್ನೇ ತಟ್ಟುತ್ತದೆ. ಆದಕಾರಣ ಬೆಲೆ ಏಕೆ ಇಳಿಯುತ್ತದೆ, ಆ ಇಳಿತದಲ್ಲಿ ಅನಿವಾರ್ಯವಾದುದೆಷ್ಟು, ತಪ್ಪಿಸಬಹುದಾದುದೆಷ್ಟು ಎಂಬುದನ್ನು ವಿವೇಚಿಸುವುದು ಅಗತ್ಯವೆಂದು ನಾವು ಭಾವಿಸುತ್ತೇವೆ.

ಮೊದಲನೆಯ ಕಾರಣ ತೆರಿಗೆ. ಪೂರ್ಣವಾಗಿ ವಿದೇಶದಲ್ಲಿಯೇ ಸಿದ್ಧವಾಗಿ ನಮ್ಮ ಬಂದರಿಗೆ 50 ಲಕ್ಷ ರೂಪಾಯಿಗೆ ಬಂದಿಳಿಯುವ ಒಂದು ಕಾರನ್ನು ತೆಗೆದುಕೊಳ್ಳೋಣ. 40,000 ಡಾಲರಿಗೆ ಮೀರಿದ ಕಾರುಗಳಿಗೆ 2025ರ ಫೆಬ್ರುವರಿಯ ಆಯವ್ಯಯದ ಪ್ರಕಾರ ಶೇಕಡಾ 70ರ ಮೂಲ ಸುಂಕವೂ ಶೇಕಡಾ 40ರ ಕೃಷಿ ಮೂಲಸೌಕರ್ಯ ಉಪಕರವೂ ಗೊತ್ತಾದುವು. ಎರಡೂ ಸೇರಿ ಶೇಕಡಾ 110. ಕಾರು 1 ಕೋಟಿ 5 ಲಕ್ಷವಾಯಿತು. ಅದರ ಮೇಲೆ ಶೇಕಡಾ 40ರ ತೆರಿಗೆ ಬಿದ್ದು 1 ಕೋಟಿ 47 ಲಕ್ಷವಾಯಿತು. ಕರ್ನಾಟಕದಲ್ಲಿ ನೋಂದಣಿ ಮಾಡಿಸುವವರು 20 ಲಕ್ಷಕ್ಕೆ ಮೀರಿದ ಕಾರಿಗೆ ಶೇಕಡಾ 18ರ ಆಜೀವ ತೆರಿಗೆಯನ್ನೂ, ಆ ತೆರಿಗೆಯ ಮೇಲೆ ಶೇಕಡಾ 11ರ ಉಪಕರವನ್ನೂ ಸಲ್ಲಿಸಬೇಕು. ಅದು ಸುಮಾರು 29 ಲಕ್ಷ. ವ್ಯಾಪಾರಿಯ ಲಾಭ, ವಿಮೆಗಳನ್ನು ಬಿಟ್ಟು ಒಟ್ಟು 1 ಕೋಟಿ 76 ಲಕ್ಷ. ಐವತ್ತು ಲಕ್ಷದ ಯಂತ್ರವನ್ನು ಕೊಂಡವನು ಅದರ ಎರಡೂವರೆ ಪಟ್ಟು ಹಣವನ್ನು ಬೊಕ್ಕಸಕ್ಕೆ ಒಪ್ಪಿಸಿದಂತಾಯಿತು.

ಭೋಗವಸ್ತುಗಳ ಮೇಲೆ ಭಾರವಾದ ತೆರಿಗೆ ಬೀಳುವುದನ್ನು ನಾವು ಆಕ್ಷೇಪಿಸುವುದಿಲ್ಲ. ಉಳ್ಳವನು ಕೊಡಲಿ, ಅದು ನ್ಯಾಯವೇ. ಆದರೆ ಇಷ್ಟು ಭಾಗ ತೆರಿಗೆಯೇ ಆಗಿರುವ ಬೆಲೆಯು ಸುಂಕದ ಗೋಡೆಯ ಮೇಲೆ ನಿಂತ ಬೆಲೆ ಎಂಬುದನ್ನು ಕೊಳ್ಳುವವನು ಮರೆಯಬಾರದು. ಗೋಡೆ ಎತ್ತರವಾಗಿರುವವರೆಗೆ ಹಳೆಯದಕ್ಕೂ ಬೆಲೆ ಉಂಟು. ಗೋಡೆ ತಗ್ಗಿದರೆ ಹಳೆಯದೂ ಅದರೊಡನೆ ತಗ್ಗುತ್ತದೆ. 2025ರ ಜುಲೈ 24ರಂದು ಬ್ರಿಟನ್ನಿನೊಡನೆ ಸಹಿಯಾದ ವ್ಯಾಪಾರದ ಒಪ್ಪಂದವು, ಗೊತ್ತಾದ ಸಂಖ್ಯೆಯ ಕಾರುಗಳ ಮೇಲಿನ ಸುಂಕವನ್ನು ಹಂತಹಂತವಾಗಿ ಶೇಕಡಾ 10ಕ್ಕೆ ಇಳಿಸುವ ಏರ್ಪಾಡನ್ನು ಒಳಗೊಂಡಿದೆ. ಬ್ರಿಟನ್ನಿನ ಭಾರಿ ಕಾರನ್ನು ಪೂರ್ಣ ಸುಂಕ ತೆತ್ತು ಕೊಂಡವನು ಇದರ ಅರ್ಥವನ್ನು ಗ್ರಹಿಸಬೇಕು. ದೆಹಲಿಯಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ಗಾಡಿಗಳನ್ನು ರಸ್ತೆಯಿಂದ ತೆಗೆಯಬೇಕೆಂಬ ಆಜ್ಞೆಯನ್ನು 2018ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದ ಮೇಲೆ, ಅಲ್ಲಿಯ ಎಷ್ಟೋ ಒಳ್ಳೆಯ ಕಾರುಗಳು ಪರಪ್ರಾಂತಗಳಿಗೆ ಅಗ್ಗವಾಗಿ ಸಾಗಿದುವು. ಕಾಯಿದೆಯು ಒಂದು ಸಾಲಿನಿಂದ ಬೆಲೆಯನ್ನು ಕಟ್ಟಬಲ್ಲದು, ಒಂದು ಸಾಲಿನಿಂದ ಕೆಡವಲೂ ಬಲ್ಲದು.

ಎರಡನೆಯ ಕಾರಣ ಯಂತ್ರದ ಸವೆತ ಮತ್ತು ಅದರ ಪೋಷಣೆ. ವಿಮಾ ಕಂಪೆನಿಗಳ ಲೆಕ್ಕದಲ್ಲಿ ಹೊಸ ಕಾರು ಆರು ತಿಂಗಳೊಳಗೆ ಶೇಕಡಾ 5, ವರ್ಷದೊಳಗೆ 15, ಎರಡನೆಯ ವರ್ಷದಲ್ಲಿ 20, ಮೂರನೆಯದರಲ್ಲಿ 30, ನಾಲ್ಕನೆಯದರಲ್ಲಿ 40, ಐದನೆಯದರಲ್ಲಿ 50 ಎಂದು ಇಳಿಯುತ್ತದೆ. ಆ ಲೆಕ್ಕಕ್ಕೆ ನೋಂದಣಿಯ ತೆರಿಗೆ ಸೇರುವುದಿಲ್ಲ. ಆದುದರಿಂದ ಮೇಲೆ ಹೇಳಿದ ಕಾರು ಐದನೆಯ ವರ್ಷದಲ್ಲಿ 1 ಕೋಟಿ 47 ಲಕ್ಷದ ಅರ್ಧ, ಎಂದರೆ 73 ಲಕ್ಷದ 50 ಸಾವಿರ; ಒಡೆಯನು ತೆತ್ತ ಮೊತ್ತದಲ್ಲಿ ಶೇಕಡಾ 42ಕ್ಕೂ ಕಡಿಮೆ. ವರಮಾನ ತೆರಿಗೆಯವರು ವ್ಯಾಪಾರದ ಕಾರಿಗೆ ವರ್ಷಕ್ಕೆ ಒಪ್ಪುವ ಸವಕಳಿ ಶೇಕಡಾ 15. ಐದು ವರ್ಷಕ್ಕೆ ಪುಸ್ತಕದಲ್ಲಿ ಉಳಿಯುವುದು ನೂರಕ್ಕೆ ಸುಮಾರು 44. ಸಂತೆಯು ಈ ಎರಡು ಲೆಕ್ಕಗಳಿಗಿಂತಲೂ ನಿಷ್ಠುರವಾಗುವುದು ಅಪೂರ್ವವಲ್ಲ.

ಇಲ್ಲಿ ಗಮನಿಸಬೇಕಾದ ತತ್ವ ಒಂದುಂಟು. ಕಾರಿನ ಬೆಲೆ ಇಳಿಯುತ್ತದೆ. ಅದರ ದುರಸ್ತಿಯ ಬೆಲೆ ಇಳಿಯುವುದಿಲ್ಲ. ಎರಡು ಕೋಟಿಯ ಕಾರನ್ನು ಐವತ್ತು ಲಕ್ಷಕ್ಕೆ ಕೊಂಡವನಿಗೆ ಅಂಗಡಿಯವನು ಬ್ರೇಕಿನ ತಟ್ಟೆಗಳನ್ನು ಕಾಲು ಬೆಲೆಗೆ ಕೊಡುವುದಿಲ್ಲ. ಜರ್ಮನಿಯ ಬಿ.ಎಂ.ಡಬ್ಲ್ಯೂ. ಕಾರ್ಖಾನೆಯಿಂದ 2005ರಿಂದ 2010ರವರೆಗೆ ಹೊರಟ ಎಂ 5 ಕಾರನ್ನು ನೋಡಬಹುದು. ಐದು ಲೀಟರಿನ, ಹತ್ತು ಸಿಲಿಂಡರುಗಳ, 507 ಅಶ್ವಶಕ್ತಿಯ ಆ ಯಂತ್ರವು ತನ್ನ ಕಾಲದಲ್ಲಿ ಪ್ರಖ್ಯಾತವಾಗಿದ್ದಿತು. ಈಗ ಅದನ್ನು ಅಗ್ಗವಾಗಿ ಕೊಳ್ಳುವವರನ್ನು ಬಲ್ಲವರು ಎಚ್ಚರಿಸುವುದು ಅದರ ಕ್ರ್ಯಾಂಕ್ ದಂಡದ ಬೇರಿಂಗುಗಳ ವಿಷಯದಲ್ಲಿ. ಅವು ಸವೆದಿರುವುದನ್ನು ಕಾಣದೆ ಓಡಿಸಿದರೆ ಇಡೀ ಯಂತ್ರಕ್ಕೇ ಅಪಾಯ. ಇಂಗಾಲ ಮಿಶ್ರಿತ ಪಿಂಗಾಣಿಯ ಬ್ರೇಕುಗಳು, ಗಾಳಿಯ ಸ್ಪ್ರಿಂಗುಗಳು, ಹತ್ತಾರು ವಿದ್ಯುನ್ಮಾನ ಪೆಟ್ಟಿಗೆಗಳು, ಇವೆಲ್ಲವೂ ಇದೇ ಬಗೆಯವು. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎಂಬ ಗಾದೆ ಈ ಆನೆಗೆ ಸಲ್ಲುವುದಿಲ್ಲ. ಇದರ ಬೆಲೆ ವರ್ಷವರ್ಷಕ್ಕೂ ಸೊರಗುವುದು, ಮೇವು ಮಾತ್ರ ಅಷ್ಟೇ ಇರುವುದು.

ಉತ್ತಮ ಕಾರು ಒಂದು ಆಸ್ತಿ, ಅದರ ಬೆಲೆ ಏರುತ್ತದೆ ಎಂದು ಮಾರುವವರು ಹೇಳುವುದುಂಟು. ಇಟಲಿಯ ಫೆರಾರಿಯವರು 1962ರಿಂದ 1964ರೊಳಗೆ ತಯಾರಿಸಿದ 250 ಜಿ.ಟಿ.ಓ. ಕಾರುಗಳಲ್ಲೊಂದು 2018ರ ಹರಾಜಿನಲ್ಲಿ 4 ಕೋಟಿ 84 ಲಕ್ಷ ಡಾಲರುಗಳಿಗೆ ಹೋದುದು ನಿಜ. ಆದರೆ ಆ ಜಾತಿಯ ಕಾರುಗಳು ಜಗತ್ತಿನಲ್ಲಿ ಹುಟ್ಟಿದುದೇ 36. ವಿರಳವಾದ ವಸ್ತುವಿಗೆ ಸಲ್ಲುವ ನ್ಯಾಯವನ್ನು ಸಾವಿರಗಟ್ಟಲೆ ತಯಾರಾಗುವ ಕಾರಿಗೆ ಹಚ್ಚುವುದು ವ್ಯಾಪಾರದ ಚಾತುರ್ಯವೇ ಹೊರತು ಅರ್ಥಶಾಸ್ತ್ರವಲ್ಲ.

ಇನ್ನು ಮೂರನೆಯ ಕಾರಣ. ನಮ್ಮ ಅಭಿಪ್ರಾಯದಲ್ಲಿ ಇದೇ ಮುಖ್ಯವಾದುದು, ಇದೊಂದೇ ಸಂಪೂರ್ಣವಾಗಿ ನಮ್ಮ ಕೈಯಲ್ಲಿರುವುದು; ಅದು ಅವಿಶ್ವಾಸ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ ಅವರು 1970ರಲ್ಲಿ ಹಳೆಯ ಕಾರುಗಳ ಸಂತೆಯನ್ನೇ ಉದಾಹರಣೆಯಾಗಿಟ್ಟುಕೊಂಡು ಒಂದು ಪ್ರಬಂಧವನ್ನು ಬರೆದರು. 2001ರಲ್ಲಿ ಅವರಿಗೆ ಇತರ ಇಬ್ಬರೊಡನೆ ನೊಬೆಲ್ ಪಾರಿತೋಷಕ ಬಂದಿತು. ಅವರ ವಾದ ಸರಳವಾದುದು. ಕಾರಿನ ಗುಣದೋಷಗಳು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದುದರಿಂದ ಕೊಳ್ಳುವವನು ಮೋಸ ಹೋಗುವ ಭಯದಿಂದ ಒಳ್ಳೆಯದಕ್ಕೂ ಕೆಟ್ಟದಕ್ಕೂ ನಡುವಣ ಬೆಲೆಯನ್ನೇ ಕೊಡಲು ಬರುತ್ತಾನೆ. ಒಳ್ಳೆಯ ಕಾರಿನ ಒಡೆಯನು ಆ ಬೆಲೆಗೆ ಮಾರಲೊಲ್ಲದೆ ಹಿಂದೆ ಸರಿಯುತ್ತಾನೆ. ಸಂತೆಯಲ್ಲಿ ಕೆಟ್ಟವೇ ಉಳಿಯುತ್ತವೆ. ಬೆಲೆ ಇನ್ನೂ ಇಳಿಯುತ್ತದೆ. ಯಂತ್ರ ಎಷ್ಟು ಜಟಿಲವೋ, ದುರಸ್ತಿ ಎಷ್ಟು ದುಬಾರಿಯೋ, ಭಯವೂ ಅಷ್ಟು ದೊಡ್ಡದು. ಅತಿವೇಗದ ಕಾರಿನಲ್ಲಿ ಈ ಭಯವು ಪರಮಾವಧಿಯನ್ನು ಮುಟ್ಟುತ್ತದೆ. ಜೋಪಾನವಾಗಿ ಸಾಕಿದ ಕಾರೂ, ನೆರೆಯ ನೀರಿನಲ್ಲಿ ಮುಳುಗೆದ್ದು ಬಣ್ಣ ಬಳಿಸಿಕೊಂಡ ಕಾರೂ ಒಂದೇ ಸಾಲಿನಲ್ಲಿ ಒಂದೇ ಹೊಳಪಿನಿಂದ ನಿಲ್ಲುತ್ತವೆ.

ಈ ಅವಿಶ್ವಾಸಕ್ಕೆ ಔಷಧವಿಲ್ಲದೆ ಇಲ್ಲ. ಅಮೆರಿಕದವರು 1972ರಲ್ಲಿಯೇ ದೂರಮಾಪಕವನ್ನು ಹಿಂದಕ್ಕೆ ತಿರುಗಿಸುವುದನ್ನು ಕಾಯಿದೆಯಿಂದ ನಿಷೇಧಿಸಿ, ಮಾರಾಟದ ಕಾಲದಲ್ಲಿ ಓಡಿದ ದೂರವನ್ನು ಬರೆದುಕೊಡುವಂತೆ ವಿಧಿಸಿದರು. ಬ್ರಿಟನ್ನಿನಲ್ಲಿ ಮೂರು ವರ್ಷ ಕಳೆದ ಕಾರುಗಳಿಗೆ ವರ್ಷಕ್ಕೊಮ್ಮೆ ಸರ್ಕಾರಿ ಪರೀಕ್ಷೆಯುಂಟು; ಆ ದಿನದ ದೂರವನ್ನು ಬರೆದಿಡುವರು, ಯಾರು ಬೇಕಾದರೂ ಧರ್ಮಾರ್ಥವಾಗಿ ನೋಡಬಹುದು. ಬೆಲ್ಜಿಯಂ ಪುಟ್ಟ ದೇಶ. ಅಲ್ಲಿ 2006ರಿಂದ ಕಾರ್ ಪಾಸ್ ಎಂಬ ಪತ್ರವಿಲ್ಲದೆ ಹಳೆಯ ಕಾರನ್ನು ಮಾರುವಂತಿಲ್ಲ. ದುರಸ್ತಿಗೆ ಬಂದ ಕಾರಿನ ದೂರವನ್ನು ಕಾರ್ಖಾನೆಯವರೇ ದಾಖಲೆಗೆ ಕಳುಹಿಸಬೇಕು.

ನಮ್ಮಲ್ಲಿ ಏನಿದೆ? ಖಾಸಗಿ ಕಾರಿಗೆ ಯೋಗ್ಯತಾ ಪರೀಕ್ಷೆ ಬರುವುದು ಹದಿನೈದು ವರ್ಷ ತುಂಬಿದ ಮೇಲೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕೇಂದ್ರದ ನಿಯಮಗಳು ಹಳೆಯ ಕಾರುಗಳ ವ್ಯಾಪಾರಿಗಳಿಗೆ ಅಧಿಕಾರಪತ್ರವನ್ನು ಕಡ್ಡಾಯ ಮಾಡಿ, ಕಾರು ಅವರ ವಶದಲ್ಲಿರುವಾಗಿನ ಓಡಾಟದ ದಿನಚರಿಯನ್ನು ಇಡಬೇಕೆಂದು ವಿಧಿಸಿವೆ. ಇದು ಶ್ಲಾಘ್ಯವೇ, ಆದರೆ ಕಾರಿನ ಜೀವನದಲ್ಲಿ ಅದು ವ್ಯಾಪಾರಿಯ ಅಂಗಳದಲ್ಲಿ ಕಳೆಯುವ ಕೆಲವು ವಾರಗಳ ಕಥೆ. ಅದಕ್ಕೆ ಹಿಂದಿನ ವರ್ಷಗಳ ಕಥೆಯನ್ನು ಹೇಳುವವರಿಲ್ಲ.

ಈ ಕೊರತೆಯನ್ನು ತುಂಬಲು ಹೊಸ ಇಲಾಖೆ ಬೇಕಿಲ್ಲ, ಹೊಸ ತೆರಿಗೆಯೂ ಬೇಕಿಲ್ಲ. ಹೊಗೆಯ ತಪಾಸಣೆಗೆ ಕಾರುಗಳು ಕಾಲಕಾಲಕ್ಕೆ ಹೋಗಿಯೇ ತೀರಬೇಕು. ಆಗ ದೂರಮಾಪಕದ ಅಂಕಿಯನ್ನೂ ಬರೆದುಕೊಳ್ಳುವುದು ಒಂದು ನಿಮಿಷದ ಕೆಲಸ. ವಿಮಾ ಕಂಪೆನಿಗಳ ಬಳಿ ಪ್ರತಿಯೊಂದು ದೊಡ್ಡ ಅಪಘಾತದ, ನೆರೆಹಾನಿಯ ಲೆಕ್ಕವಿದೆ. ಈ ಎರಡನ್ನೂ ವಾಹನಗಳ ಕೇಂದ್ರ ದಾಖಲೆಗೆ ಸೇರಿಸಿ, ಒಡೆಯನ ಹೆಸರನ್ನು ಮರೆಮಾಡಿ, ಗಾಡಿಯ ಸಂಖ್ಯೆಯನ್ನು ಹೇಳಿದವರಿಗೆ ತೋರಿಸಲಿ. ಗುಟ್ಟು ಬಯಲಾಗುವುದೆಂದು ಆಕ್ಷೇಪಿಸುವವರಿಗೆ ನಮ್ಮ ಉತ್ತರವಿಷ್ಟೇ: ಮನುಷ್ಯನ ಗುಟ್ಟನ್ನು ಕಾಯುವುದು ಧರ್ಮ, ಮಾರಾಟಕ್ಕಿಟ್ಟ ಯಂತ್ರದ ಗುಟ್ಟನ್ನು ಕಾಯುವುದು ವಂಚನೆಗೆ ನೆರವು.

ಒಂದು ಕಾರಿನ ಮೇಲೆ ಅದರ ಮೂಲ ಬೆಲೆಗಿಂತ ಹೆಚ್ಚು ಹಣವನ್ನು ತೆಗೆದುಕೊಳ್ಳುವ ಸರ್ಕಾರವು, ವ್ಯಾಪಾರಿಯು ಅದನ್ನು ಮತ್ತೆ ಮಾರಿದಾಗ ಅವನ ಲಾಭದ ಮೇಲೂ ಶೇಕಡಾ 18ನ್ನು ಗೊತ್ತುಮಾಡಿದೆ. ಇಷ್ಟನ್ನು ಪಡೆಯುವವರಿಗೆ ಪ್ರಜೆಗೆ ಒಂದು ನಂಬಬಹುದಾದ ಲೆಕ್ಕಪುಸ್ತಕವನ್ನು ಕೊಡುವ ಹೊಣೆ ಇಲ್ಲವೆ? ಈ ವ್ಯವಸ್ಥೆ ವಿಲಾಸದ ಕಾರುಗಳಿಗಾಗಿ ಪ್ರಾರಂಭವಾದರೂ, ಮೂರು ಲಕ್ಷಕ್ಕೆ ಹಳೆಯ ಸಣ್ಣ ಕಾರನ್ನು ಕೊಳ್ಳುವ ಶಾಲಾ ಉಪಾಧ್ಯಾಯರಿಗೆ ಅದರ ಫಲ ಇನ್ನೂ ಹೆಚ್ಚಾಗಿ ದೊರೆಯುವುದು.

ಅಲ್ಲಿಯವರೆಗೆ ಕೊಳ್ಳುವವರು ತಮ್ಮ ರಕ್ಷಣೆಯನ್ನು ತಾವೇ ಮಾಡಿಕೊಳ್ಳಬೇಕು. ಸೇವೆಯ ಪೂರ್ಣ ದಾಖಲೆ ಇಲ್ಲದ ವೇಗದ ಕಾರನ್ನು ಎಷ್ಟು ಅಗ್ಗವಾದರೂ ಮುಟ್ಟದಿರುವುದು, ಮಾರುವವನ ಸಂಬಂಧವಿಲ್ಲದ ತಜ್ಞನಿಂದ ಪರೀಕ್ಷೆ ಮಾಡಿಸುವುದು, ಪರರಾಜ್ಯದ ನೋಂದಣಿಯಾಗಿದ್ದರೆ ಇಲ್ಲಿಯ ತೆರಿಗೆ ಸಂದಿದೆಯೇ ಎಂದು ವಿಚಾರಿಸುವುದು, ಮತ್ತು ಎಲ್ಲಕ್ಕಿಂತ ಮೊದಲು, ಇಂದಿನ ಬೆಲೆಯನ್ನಲ್ಲ, ಅದು ಹೊಸದಾಗಿದ್ದಾಗಿನ ಬೆಲೆಯನ್ನು ನೋಡಿ ಅದರ ಪೋಷಣೆ ನಮ್ಮಿಂದಾದೀತೇ ಎಂದು ಯೋಚಿಸುವುದು ವಿವೇಕ. ಹಾಸಿಗೆ ಇದ್ದಷ್ಟು ಕಾಲು ಚಾಚೆಂದು ಹಿರಿಯರು ಹೇಳಿದರು. ಆದರೆ ಹಾಸಿಗೆಯ ಉದ್ದವೆಷ್ಟೆಂಬುದು ಕತ್ತಲಲ್ಲಿ ಕಾಣದಂತೆ ಬಿಟ್ಟಿರುವುದು ಆಡಳಿತದ ದೋಷ. ಆ ದೀಪವನ್ನು ಹಚ್ಚುವುದು ಕೇಂದ್ರದ ಸಾರಿಗೆ ಮಂತ್ರಾಲಯದ ಕರ್ತವ್ಯ. ಕೇಂದ್ರವು ಸಾವಕಾಶ ಮಾಡಿದರೆ, ಇಷ್ಟು ಉಚ್ಚವಾದ ಆಜೀವ ತೆರಿಗೆಯನ್ನು ಪಡೆಯುವ ಕರ್ನಾಟಕವೇ ಮೊದಲು ಹಚ್ಚಿ ಇತರರಿಗೆ ದಾರಿ ತೋರಿಸಲಿ.