ಮುಖವಾಡದ ಹಿಂದಿನ ಮಗು



ಈ ಸಲ ಹಪ್ಪಳ, ಸಂಡಿಗೆ, ಅತ್ತೆ-ಸೊಸೆಯರ ವಿಚಾರವನ್ನು ಸ್ವಲ್ಪ ಬದಿಗಿಟ್ಟು ಮಕ್ಕಳ ಕಾಮಿಕ್ಸ್ ಪುಸ್ತಕಗಳ ವಿಷಯ ಮಾತಾಡೋಣ. "ಅಯ್ಯೋ, ಆ ಗುದ್ದಾಟ-ಹಾರಾಟದ ಪುಸ್ತಕಗಳೇ? ಅವನ್ನು ಓದಿ ಓದಿಯೇ ನಮ್ಮ ಹುಡುಗ ಕೆಟ್ಟ" ಎಂದು ನೀವು ಮೂಗು ಮುರಿಯುವ ಮೊದಲು ನನ್ನ ಮಾತು ಕೇಳಿ. ನಾನೂ ಹಾಗೇ ಅಂದವಳು. ಅಂದದ್ದಷ್ಟೇ ಅಲ್ಲ, ಅಂಥ ನಾಲ್ಕು ಪುಸ್ತಕಗಳನ್ನು ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟವಳು. ಬಚ್ಚಿಟ್ಟದ್ದು ತಪ್ಪಾಯಿತು ಅಂತ ಹೇಳುವುದಕ್ಕೇ ಈ ಅಂಕಣ.

ನನ್ನ ಮಗಳ ಮನೆ ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ, ಹೋಪ್‌ಫಾರ್ಮ್ ಹತ್ತಿರ. 1882ರಲ್ಲಿ ಮೈಸೂರಿನ ಚಾಮರಾಜೇಂದ್ರ ಒಡೆಯರು ಕೊಟ್ಟ ಜಮೀನಿನಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳಿಗಾಗಿ ಹುಟ್ಟಿದ ಊರದು. ಈಗ ಎತ್ತ ನೋಡಿದರೂ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳು, ನಡುವೆ ಆಕಾಶ ಮುಟ್ಟುವ ಅಪಾರ್ಟ್‌ಮೆಂಟುಗಳು. ಅಂಥದೊಂದರ ಆರನೇ ಮಹಡಿಯಲ್ಲಿ ಅವಳ ಸಂಸಾರ. 2021ರ ಮೇ ತಿಂಗಳಲ್ಲಿ, ಕೊರೋನಾದ ಎರಡನೆಯ ಅಲೆಯಲ್ಲಿ, ನನ್ನ ಅಳಿಯಂದಿರು ತೀರಿಕೊಂಡರು. ರಾತ್ರಿ ಆಂಬುಲೆನ್ಸ್ ಬಂತು. ಮೈತುಂಬ ಬಿಳಿ ಉಡುಪು ಹಾಕಿಕೊಂಡವರು ಅವರನ್ನು ಕರೆದುಕೊಂಡು ಹೋದರು. ಮೊಮ್ಮಗ ಬಾಲ್ಕನಿಯ ಸರಳು ಹಿಡಿದು ನೋಡುತ್ತಿದ್ದ. ಆಗ ಅವನಿಗೆ 8 ವರ್ಷ. ಅಪ್ಪನನ್ನು ಅವನು ಕಂಡದ್ದು ಅದೇ ಕೊನೆ.

ಆಮೇಲೆ ನಾವು ದೊಡ್ಡವರು ಮಾಡಿದ್ದೇನು? ಎಲ್ಲ ಮನೆಗಳಲ್ಲೂ ಮಾಡುವುದನ್ನೇ ಮಾಡಿದೆವು. ಅವನೆದುರು ಆ ಮಾತನ್ನೇ ಎತ್ತಲಿಲ್ಲ. ಕೇಳಿದರೆ, "ಅಪ್ಪ ದೇವರ ಹತ್ತಿರ ಹೋಗಿದಾರೆ ಪುಟ್ಟ" ಅಂದು ಕೈಗೊಂದು ಬಿಸ್ಕತ್ತು ಕೊಟ್ಟೆವು. ಫೋಟೋ ಬೀರು ಸೇರಿತು. ಮಗಳು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು, ನಾನು ಅಡಿಗೆಮನೆಯಲ್ಲಿ ಈರುಳ್ಳಿ ಹೆಚ್ಚುವ ನೆಪದಲ್ಲಿ ಅತ್ತೆ. ಮಗು ಅಳಲೇ ಇಲ್ಲ. "ಚಿಕ್ಕವನು, ಮರೀತಾನೆ ಬಿಡಿ" ಎಂದು ನೆಂಟರು ಹೇಳಿದರು. ನಾವೂ ನಂಬಿದೆವು.

ಮಗು ಮರೆತಿರಲಿಲ್ಲ. ರಸ್ತೆಯಲ್ಲಿ ಆಂಬುಲೆನ್ಸ್ ಕೂಗಿದರೆ ಎರಡೂ ಕಿವಿ ಮುಚ್ಚಿ ಮಂಚದ ಮೂಲೆ ಸೇರುತ್ತಿದ್ದ. ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರುಕಳಿಸಿತು. ಸ್ಕೂಲಿಗೆ ಹೊರಡುವ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು. ಆಟಕ್ಕೆಂದು ಕೆಳಗೆ ಇಳಿಯುವುದನ್ನಂತೂ ಪೂರ್ತಿ ಬಿಟ್ಟ. ಮಗಳ ಆಫೀಸಿನ ಗೆಳತಿಯೊಬ್ಬಳು ಒಂದು ಚೀಲ ಹಳೇ ಬ್ಯಾಟ್‌ಮ್ಯಾನ್, ಸ್ಪೈಡರ್‌ಮ್ಯಾನ್ ಪುಸ್ತಕ ತಂದುಕೊಟ್ಟಿದ್ದಳು. ಅದರಲ್ಲೇ ಮುಳುಗಿದ. ಕಾಗದ ಸಿಕ್ಕಿದಲ್ಲೆಲ್ಲ ಒಂದೇ ಚಿತ್ರ ಬರೆಯುತ್ತಿದ್ದ: ಕತ್ತಲ ಓಣಿ, ಬಿದ್ದಿರುವ ಇಬ್ಬರು, ನಡುವೆ ನಿಂತ ಒಬ್ಬ ಹುಡುಗ. ನನಗೆ ಹೆದರಿಕೆಯಾಯಿತು. ಅದಕ್ಕೇ ಪುಸ್ತಕಗಳು ಅಕ್ಕಿ ಡಬ್ಬದ ಹಿಂದೆ ಹೋದದ್ದು. ಎರಡು ದಿನ ಊಟ ಬಿಟ್ಟ ಮೇಲೆ ವಾಪಸು ಬಂದವು. ಆಗ ನಾನೂ ಕನ್ನಡಕ ಹಾಕಿಕೊಂಡು, ಅದರಲ್ಲಿ ಅಂಥದ್ದೇನಿದೆ ಅಂತ ನೋಡಿದೆ. ಇಂಗ್ಲಿಷು ತಿಳಿಯದ ಕಡೆ ಅವನೇ ಹೇಳಿದ.

ಸೋದರಿಯರೇ, ನಾವು ಗುದ್ದಾಟದ ಕಥೆ ಅಂದುಕೊಂಡಿದ್ದೇವಲ್ಲ, ಅವುಗಳಲ್ಲಿ ಎಷ್ಟೋ ಶುರುವಾಗುವುದೇ ಅನಾಥ ಮಗುವಿನಿಂದ. 1938ರಲ್ಲಿ ಅಮೆರಿಕದಲ್ಲಿ ಬಂದ ಸೂಪರ್‌ಮ್ಯಾನ್ ಕಥೆಯಲ್ಲಿ, ಹುಟ್ಟಿದ ಲೋಕವೇ ನಾಶವಾಗುವಾಗ ತಂದೆತಾಯಿ ಕೂಸನ್ನು ಒಂದು ಪುಟ್ಟ ನೌಕೆಯಲ್ಲಿಟ್ಟು ಕಳಿಸಿಬಿಡುತ್ತಾರೆ. ನಮ್ಮ ಕರ್ಣನನ್ನು ಪೆಟ್ಟಿಗೆಯಲ್ಲಿಟ್ಟು ಹೊಳೆಗೆ ಬಿಟ್ಟದ್ದು ನೆನಪಾಗುವುದಿಲ್ಲವೇ? 1939ರ ಬ್ಯಾಟ್‌ಮ್ಯಾನ್ ಕಥೆಯಲ್ಲಿ ಚಿಕ್ಕ ಹುಡುಗನ ಕಣ್ಣೆದುರೇ ಕಳ್ಳನೊಬ್ಬ ಅಪ್ಪ ಅಮ್ಮ ಇಬ್ಬರನ್ನೂ ಗುಂಡಿಟ್ಟು ಕೊಲ್ಲುತ್ತಾನೆ. 1962ರಲ್ಲಿ ಬಂದ ಸ್ಪೈಡರ್‌ಮ್ಯಾನ್‌ನನ್ನು ಸಾಕಿದವರು ದೊಡ್ಡಪ್ಪ ದೊಡ್ಡಮ್ಮ. ತನಗೇನು ಎಂದು ಒಬ್ಬ ಕಳ್ಳನನ್ನು ಓಡಿಹೋಗಲು ಬಿಟ್ಟ. ಅದೇ ಕಳ್ಳ ಮುಂದೆ ದೊಡ್ಡಪ್ಪನನ್ನೇ ಕೊಂದ. ಅದೇ 1962ರಲ್ಲಿ ಬಂದ ಹಲ್ಕ್ ಎಂಬ ಹಸಿರು ರಾಕ್ಷಸ ಸಿಟ್ಟು ಬಂದಾಗ ಎಲ್ಲ ಪುಡಿ ಮಾಡುತ್ತಾನೆ. ಯಾಕೆ ಆ ಸಿಟ್ಟು? 1985ರಲ್ಲಿ ಬಂದ ಒಂದು ಸಂಚಿಕೆ ಉತ್ತರ ಹೇಳಿತು: ಮಗುವಾಗಿದ್ದಾಗ ತಂದೆ ಅವನನ್ನು ಬಡಿಯುತ್ತಿದ್ದ.

ನನ್ನ ವಯಸ್ಸಿನವರಿಗೆ ಇಂದ್ರಜಾಲ ಕಾಮಿಕ್ಸ್ ನೆನಪಿರಬೇಕು. 1964ರಲ್ಲಿ ಶುರುವಾಗಿ 1990ರವರೆಗೆ ನಡೆದ ಆ ಪುಸ್ತಕಗಳು ಕನ್ನಡದಲ್ಲೂ ಬಂದವು. ಅಣ್ಣಂದಿರ ಕೈಯಿಂದ ಕಿತ್ತುಕೊಂಡು ಫ್ಯಾಂಟಮ್ ಓದಿದವರು ನಾವೇ ಅಲ್ಲವೇ? ಆ ಫ್ಯಾಂಟಮ್ ವಂಶದ ಮೊದಲನೆಯವನು ಮುಖವಾಡ ತೊಟ್ಟದ್ದು ಕಡಲ್ಗಳ್ಳರು ತಂದೆಯನ್ನು ಕೊಂದ ಮೇಲೆ. ಆಗ ನಮಗೆ ಕುದುರೆಯೂ ತಲೆಬುರುಡೆಯ ಗುಹೆಯೂ ಕಂಡವು, ತಂದೆ ಸತ್ತ ಮಗ ಕಾಣಲಿಲ್ಲ. ನನ್ನ ಮೊಮ್ಮಗನಿಗೆ ಮೊದಲು ಕಂಡದ್ದೇ ಅವನು.

ಬ್ಯಾಟ್‌ಮ್ಯಾನ್ ಪುಸ್ತಕದಲ್ಲಿ ಒಂದು ವಿಷಯ ಬಹಳ ನಿಜವಾಗಿದೆ. ಅವನು ದೊಡ್ಡವನಾಗಿ ಎಷ್ಟೋ ವರ್ಷವಾದರೂ ಆ ರಾತ್ರಿ ತುಂಡುತುಂಡಾಗಿ ಮರಳುತ್ತಿರುತ್ತದೆ. ಇಡೀ ಕಥೆಯಾಗಿ ಅಲ್ಲ. ಗುಂಡಿನ ಸದ್ದಾಗಿ, ಅಮ್ಮನ ಕೊರಳಿನ ಮುತ್ತಿನ ಸರ ಹರಿದು ಉರುಳುವ ಮುತ್ತುಗಳಾಗಿ. ಮನಸ್ಸಿನ ಗಾಯ ನಡೆದುಕೊಳ್ಳುವುದೇ ಹೀಗೆ ಎಂದು ವೈದ್ಯರು ಹೇಳುತ್ತಾರೆ. ಒಂದು ಸದ್ದು, ಒಂದು ವಾಸನೆ ಸಾಕು, ಆ ಗಳಿಗೆ ಈಗಲೇ ನಡೆಯುತ್ತಿದೆಯೇನೋ ಎಂಬಂತೆ ಮೈ ನಡುಗುತ್ತದೆ. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರ ಪಾಡು ಕಂಡ ಮೇಲೆ, 1980ರಲ್ಲಿ ಅಮೆರಿಕದ ಮನೋವೈದ್ಯರು ಇದನ್ನು ಒಂದು ಕಾಯಿಲೆಯೆಂದು ತಮ್ಮ ಪಟ್ಟಿಗೆ ಸೇರಿಸಿದರು. ಇದು ಯುದ್ಧ ಕಂಡವರಿಗೇ ಬರಬೇಕೆಂದಿಲ್ಲ. ಅಪಘಾತ, ಹೊಡೆತ, ಅತ್ಯಾಚಾರ, ಹತ್ತಿರದವರ ಸಾವು, ಯಾವುದರಿಂದಲೂ ಬರಬಹುದು. ನಮ್ಮ ಹುಡುಗನಿಗೆ ಮುತ್ತಿನ ಸರದ ಬದಲು ಆಂಬುಲೆನ್ಸ್ ಕೂಗು, ಅಷ್ಟೇ.

2023ರಲ್ಲಿ ವೈಟ್‌ಫೀಲ್ಡ್‌ನ ಕೆಟಿಪಿಒ ಸಭಾಂಗಣದಲ್ಲಿ ಕಾಮಿಕ್ ಕಾನ್ ಎಂಬ ಮೇಳ ನಡೆಯಿತು. ನಮ್ಮೂರ ಜಾತ್ರೆಯ ಹಾಗೇ ಅನ್ನಿ, ಆದರೆ ಬಂದವರೆಲ್ಲ ಕಾಮಿಕ್ಸ್ ವೀರರ ವೇಷ ಹಾಕಿರುತ್ತಾರೆ. ಎರಡೂವರೆ ವರ್ಷದಿಂದ ಏನನ್ನೂ ಕೇಳದಿದ್ದ ಹುಡುಗ, "ಅಜ್ಜಿ, ನಂಗೆ ಬ್ಯಾಟ್‌ಮ್ಯಾನ್ ಡ್ರೆಸ್ ಹೊಲಿದುಕೊಡ್ತೀಯಾ?" ಅಂದ. ನಾನು ಆ ದಿನವೇ ಮೂರು ಮೀಟರು ಕರಿ ಸಾಟಿನ್ ತಂದೆ. ಬಾವಲಿ ರೆಕ್ಕೆಯ ಅಂಚನ್ನು ಹಳೇ ಪತ್ರಿಕೆಯಲ್ಲಿ ಕತ್ತರಿಸಿ ನಮೂನೆ ಮಾಡಿಕೊಂಡೆ. ಬೆಲ್ಟಿಗೆ ನನ್ನ ಹಳದಿ ರವಿಕೆ ಬಟ್ಟೆ.

ಅಳತೆ ನೋಡುವ ಸಂಜೆ ಅವನು ಸ್ಟೂಲಿನ ಮೇಲೆ ನಿಂತಿದ್ದ. ನಾನು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಅಂಚು ಮಡಿಸುತ್ತಿದ್ದೆ. ಮಾತಿಗೆ ಮಾತು ಅಂತ, "ಆ ಇನ್ನೊಬ್ಬ ಇದಾನಲ್ಲ, ಜೇಡದವನು, ಅವನ ವೇಷ ಬೇಡ್ವೇನೋ?" ಅಂದೆ.

"ಬೇಡ. ಅವನದೇ ತಪ್ಪು. ಅವನಿಂದಾನೇ ದೊಡ್ಡಪ್ಪ ಸತ್ತಿದ್ದು."

ಸ್ವಲ್ಪ ಹೊತ್ತು ಬಿಟ್ಟು, ಗೋಡೆ ನೋಡುತ್ತಾ ಹೇಳಿದ: "ಲಾಕ್‌ಡೌನಲ್ಲಿ ಅಮ್ಮ ಬೇಡ ಅಂದಿದ್ರು, ನಾನು ಕೆಳಗೆ ಆಡೋಕೆ ಹೋಗಿದ್ದೆ ಅಜ್ಜಿ. ಎರಡು ಸಲ. ಯಾರಿಗೂ ಹೇಳಿಲ್ಲ. ಅದಾದ್ಮೇಲೇ ಅಪ್ಪಂಗೆ ಜ್ವರ ಬಂದಿದ್ದು."

ಬಾಯಿಂದ ಒಂದೊಂದೇ ಸೂಜಿ ತೆಗೆದು ಡಬ್ಬಿಗೆ ಹಾಕಿದೆ. ಕೈ ನಡುಗುತ್ತಿತ್ತು. ಎಂಟು ವರ್ಷದ ಮಗು "ಅಪ್ಪನನ್ನು ಕೊಂದವನು ನಾನೇ" ಎಂಬ ಮೂಟೆಯನ್ನು ಎರಡೂವರೆ ವರ್ಷ ಒಬ್ಬನೇ ಹೊತ್ತಿದ್ದ, ನಾವು ಬಿಸ್ಕತ್ತು ಕೊಡುತ್ತಿದ್ದೆವು! ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆ ದಿನಗಳಲ್ಲಿ ಸೋಂಕು ಎಲ್ಲೆಲ್ಲೂ ಇತ್ತು. ಹಾಲು ತರಲು ಅಪ್ಪನೇ ಹೋಗುತ್ತಿದ್ದರು, ಔಷಧಿ ಅಂಗಡಿಗೆ ಅಮ್ಮ ಹೋಗಿದ್ದಳು, ಲಿಫ್ಟಿನ ಗುಂಡಿಯನ್ನು ಎಲ್ಲರೂ ಮುಟ್ಟಿದ್ದರು. ಯಾರಿಂದ ಬಂತೆಂದು ಯಾರೂ ಹೇಳಲಾರರು. ಮಗು ಆಡಲು ಹೋಗುವುದು ತಪ್ಪಲ್ಲ. ಅಷ್ಟರಲ್ಲಿ ಮಗಳು ಕೋಣೆಯಿಂದ ಬಂದು ಬಾಗಿಲಲ್ಲಿ ನಿಂತಿದ್ದಳು. ಅವತ್ತು ಮೂವರೂ ಒಟ್ಟಿಗೆ ಅತ್ತೆವು, ನಲ್ಲಿ ಬಿಡದೆ, ಈರುಳ್ಳಿ ಹೆಚ್ಚದೆ. ರಾತ್ರಿ ಫೋಟೋ ಬೀರುವಿನಿಂದ ಹೊರಗೆ ಬಂತು.

ಒಂದೇ ದಿನಕ್ಕೆ ಎಲ್ಲ ಸರಿಹೋಯಿತೆಂದು ತಿಳಿಯಬೇಡಿ. ಆಮೇಲೆ ಮಕ್ಕಳ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದೆವು. ಅವರು ಚಿತ್ರ ಬರೆಯುವುದನ್ನು ನಿಲ್ಲಿಸಬೇಡಿ, ಪಕ್ಕದಲ್ಲಿ ಕೂತು "ಈ ಹುಡುಗನಿಗೆ ಈಗ ಏನನ್ನಿಸ್ತಿದೆ?" ಎಂದು ಕೇಳಿ ಅಂದರು. ಮಕ್ಕಳು ತಮ್ಮ ನೋವನ್ನು ನೇರವಾಗಿ ಹೇಳಲಾರರು. ಕಥೆಯವನ ಬಾಯಿಂದ ಹೇಳಿಸುತ್ತಾರೆ. ಚಿಕ್ಕ ಮಕ್ಕಳು ಮನೆಯ ದುರಂತಕ್ಕೆ ತಾವೇ ಕಾರಣ ಎಂದುಕೊಳ್ಳುವುದೂ ಬಹಳ ಸಾಮಾನ್ಯವಂತೆ. ಕೇಳದ ಹೊರತು ಅದು ಹೊರಗೆ ಬರುವುದಿಲ್ಲ.

ಹಾಗಂತ ಈ ಪುಸ್ತಕಗಳು ಹೇಳುವುದೆಲ್ಲ ಸರಿ ಅಂತಲ್ಲ. ಬ್ಯಾಟ್‌ಮ್ಯಾನ್ ಊರಿನಲ್ಲಿ ಅರ್ಕಮ್ ಎಂಬ ಹುಚ್ಚಾಸ್ಪತ್ರೆ ಇದೆ, ಅಲ್ಲಿರುವವರೆಲ್ಲ ಕೊಲೆಗಡುಕರು. ಇದು ಅನ್ಯಾಯ. ಮಾನಸಿಕ ಕಾಯಿಲೆಯವರಲ್ಲಿ ಬಹುಪಾಲು ಜನ ಯಾರಿಗೂ ಕೇಡು ಮಾಡುವವರಲ್ಲ, ತಾವೇ ನೋಯುವವರು. ಆ ಅರ್ಕಮ್ ಕಾಮಿಕ್ಸ್‌ನಲ್ಲಿ ಮೊದಲು ಕಂಡದ್ದು 1974ರಲ್ಲಿ. ಅದೇ 1974ರಲ್ಲಿ ನಮ್ಮ ಬೆಂಗಳೂರಿನಲ್ಲಿ, ಹಳೆಯ ಮಾನಸಿಕ ಆಸ್ಪತ್ರೆಯನ್ನೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನೂ ಸೇರಿಸಿ ನಿಮ್ಹಾನ್ಸ್ ಆಯಿತು. ಅಲ್ಲಿ ಮಕ್ಕಳಿಗೇ ಪ್ರತ್ಯೇಕ ವಿಭಾಗವಿದೆ. ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ದೇಶಕ್ಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಹುಚ್ಚಾಸ್ಪತ್ರೆ ಎಂಬ ಮಾತನ್ನು ನಾವೂ ಇನ್ನು ಬಿಡೋಣ.

ಒಳ್ಳೆಯ ಕೆಲಸಕ್ಕೂ ಈ ವೀರರು ಬಂದಿದ್ದಾರೆ. 1984ರಲ್ಲಿ ಅಮೆರಿಕದಲ್ಲಿ ಮಕ್ಕಳಿಗೆಂದೇ ಹಂಚಿದ ಒಂದು ಪುಸ್ತಕದಲ್ಲಿ ಸ್ಪೈಡರ್‌ಮ್ಯಾನ್, ಚಿಕ್ಕವನಾಗಿದ್ದಾಗ ದೊಡ್ಡ ಹುಡುಗನೊಬ್ಬ ತನ್ನೊಂದಿಗೆ ಕೆಟ್ಟದಾಗಿ ನಡೆದುಕೊಂಡದ್ದನ್ನೂ, ದೊಡ್ಡಪ್ಪ ದೊಡ್ಡಮ್ಮನಿಗೆ ಹೇಳಿಕೊಂಡದ್ದನ್ನೂ ಇನ್ನೊಬ್ಬ ಹುಡುಗನಿಗೆ ಹೇಳುತ್ತಾನೆ. 2012ರ ದೆಹಲಿಯ ಘಟನೆಯ ನಂತರ, 2014ರಲ್ಲಿ ನಮ್ಮ ದೇಶದಲ್ಲೇ 'ಪ್ರಿಯಾಸ್ ಶಕ್ತಿ' ಎಂಬ ಕಾಮಿಕ್ಸ್ ಬಂತು. ಅತ್ಯಾಚಾರಕ್ಕೆ ಒಳಗಾಗಿ ಮನೆಯವರಿಂದಲೇ ದೂರವಾದ ಹಳ್ಳಿ ಹುಡುಗಿ, ಪಾರ್ವತಿಯ ಬಲದಿಂದ ಹುಲಿ ಏರಿ ಊರಿಗೆ ಮರಳುತ್ತಾಳೆ. ನಾಚಬೇಕಾದವಳು ಅವಳಲ್ಲ ಎಂದು ಮಕ್ಕಳಿಗೆ ತಿಳಿಸಲು ಉಪದೇಶಕ್ಕಿಂತ ಇಂಥ ಕಥೆ ಮೇಲು.

ಇನ್ನು, ನನ್ನ ತಪ್ಪಿನಿಂದ ನಾನು ಕಲಿತದ್ದನ್ನು ನಿಮಗೆ ಹೇಳಿಬಿಡುತ್ತೇನೆ. ಮನೆಯಲ್ಲಿ ಸಾವು ಸಂಭವಿಸಿದರೆ ಮಗುವಿಗೆ ನಿಜ ಹೇಳಿ, ವಯಸ್ಸಿಗೆ ತಕ್ಕ ಸರಳ ಮಾತಿನಲ್ಲಿ. "ನಿದ್ದೆ ಮಾಡ್ತಿದ್ದಾರೆ" ಅನ್ನಬೇಡಿ. ಆಮೇಲೆ ಮಲಗಲು ಹೆದರುತ್ತದೆ. "ಇದು ನಿನ್ನಿಂದ ಆದದ್ದಲ್ಲ" ಎಂದು ಮಗು ಕೇಳದಿದ್ದರೂ ಹೇಳಿ, ಮತ್ತೆ ಮತ್ತೆ ಹೇಳಿ. ಅದರೆದುರು ಅತ್ತರೆ ಪಾಪವೇನಿಲ್ಲ. ಊಟ, ಸ್ನಾನ, ನಿದ್ದೆ ಹೊತ್ತುಹೊತ್ತಿಗೆ ನಡೆಯಲಿ. ಬಲವಂತವಾಗಿ ಮಾತು ಹೊರಡಿಸಬೇಡಿ, ಮಾತು ಬಂದಾಗ ಕೆಲಸ ಬಿಟ್ಟು ಕೂತು ಕೇಳಿ. ಹಾಸಿಗೆ ಒದ್ದೆಯಾದರೆ ಗದರಬೇಡಿ. ಬೆಚ್ಚಿಬೀಳುವುದು, ಕೆಟ್ಟ ಕನಸು, ಯಾರೊಂದಿಗೂ ಸೇರದಿರುವುದು ಒಂದು ತಿಂಗಳು ಮೀರಿದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ. ಸಾಯುವ ಮಾತು ಆಡಿದರಂತೂ ಒಂದು ದಿನವೂ ಕಾಯಬೇಡಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್‌ಗೆ 14416 ಸಂಖ್ಯೆಯಲ್ಲಿ ಹಗಲು-ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ಖರ್ಚಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಗುವಿಗಾಗಿ ಮಾತ್ರವಲ್ಲ, ನಿಮಗಾಗಿಯೂ ಮಾಡಿ. ನನ್ನ ಮಗಳು ಮಾಡಿದಳು.

ಮೇಳದ ದಿನ ಮೂವರೂ ಹೋದೆವು. ಅಷ್ಟು ಜನ, ಅಷ್ಟು ಗದ್ದಲ. ನನಗೇ ತಲೆ ತಿರುಗಿತು. ದಾರಿಯಲ್ಲಿ ಒಂದು ಆಂಬುಲೆನ್ಸ್ ಕೂಗಿಕೊಂಡು ಹೋಯಿತು. ಹುಡುಗ ಒಂದು ಕಿವಿ ಮುಚ್ಚಿದ, ಇನ್ನೊಂದು ಕೈಯಲ್ಲಿ ನನ್ನ ಸೆರಗು ಹಿಡಿದಿದ್ದ. ಒಳಗೆ ಹತ್ತಾರು ಬ್ಯಾಟ್‌ಮ್ಯಾನ್‌ಗಳ ನಡುವೆ ನಮ್ಮವನೂ ಒಬ್ಬ. ಯಾರೋ ಹುಡುಗಿ ನನ್ನನ್ನು ತೋರಿಸಿ, "ನಿಮ್ಮಜ್ಜಿ ಯಾವ ವೇಷ ಹಾಕಿದಾರೆ?" ಎಂದು ತಮಾಷೆ ಮಾಡಿದಳು. "ಅವರು ಆಲ್ಫ್ರೆಡ್" ಅಂದ.

ಆಲ್ಫ್ರೆಡ್ ಯಾರು ಗೊತ್ತೇ? 1943ರಿಂದ ಆ ಕಥೆಯಲ್ಲಿರುವ ಬ್ಯಾಟ್‌ಮ್ಯಾನ್ ಮನೆಯ ಕೆಲಸದವನು. ತಂದೆತಾಯಿ ಹೋದ ಮೇಲೆ ಹುಡುಗನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದ್ದು ಅವನೇ ಎಂದು ಮುಂದಿನ ಕಥೆಗಳು ಹೇಳುತ್ತವೆ. ಹಾರಲು ಬರುವುದಿಲ್ಲ, ಬಲವೂ ಇಲ್ಲ. ಗಾಯಕ್ಕೆ ಪಟ್ಟಿ ಕಟ್ಟುತ್ತಾನೆ, ಟೀ ಮಾಡಿಕೊಡುತ್ತಾನೆ, ರಾತ್ರಿ ಹುಡುಗ ಮನೆಗೆ ಬರುವವರೆಗೂ ಎಚ್ಚರವಾಗಿರುತ್ತಾನೆ. ಆ ಕೆಲಸ ನಮಗೆಲ್ಲ ಬರುತ್ತದಲ್ಲವೇ?

ನಿಮ್ಮ ಮನೆಯ ಮಗು ಈ ಹೊತ್ತು ಯಾವ ಪುಸ್ತಕ ಹಿಡಿದು ಮೂಲೆಯಲ್ಲಿ ಕೂತಿದೆ? ಒಲೆ ಸಣ್ಣ ಮಾಡಿ, ಒಂದು ಗಳಿಗೆ ಪಕ್ಕದಲ್ಲಿ ಕೂತು, "ನಂಗೂ ಕಥೆ ಹೇಳು" ಅನ್ನಿ.