ದೊಡ್ಡಮ್ಮನ ರೊಟ್ಟಿ ಯಾವ ಕಾಲಂಗೆ ಬರುತ್ತೆ?

ಮೊನ್ನೆ ಸಂಜೆ ಟೀ ಅಂಗಡಿ ಮುಂದೆ ನಿಂತಿದ್ದಾಗ ಗೆಳೆಯರೊಬ್ಬರು ಸಿಕ್ಕರು. ದಾವಣಗೆರೆಯಲ್ಲಿ ಯಾವ ರಸ್ತೆ ಯಾವಾಗ ಅಗೆಯುತ್ತಾರೆ ಅನ್ನೋದು ಅಗೆಯುವವರಿಗಿಂತ ಮೊದಲು ಗೊತ್ತಿರುವ ಮನುಷ್ಯ. ಭಾರಿ ಉತ್ಸಾಹದಲ್ಲಿದ್ದರು. "ಇನ್ಮೇಲೆ ಎಲ್ಲಾ ಸೈಂಟಿಫಿಕ್ ಆಗಿ ಆಗ್ಬೇಕ್ರೀ. ಮೊದ್ಲು ಇಡೀ ಊರಿಂದು ಡೆಮೊಗ್ರಾಫಿಕ್ ಸ್ಟಡಿ ಮಾಡಿಸ್ಬೇಕು, ಆಮೇಲೆ ಆರ್ಥಿಕ ಅಭಿವೃದ್ಧಿ. ಪಾಲಿಕೆಯಲ್ಲಿ ಅದೇ ಮಾತು ನಡೀತಿದೆಯಂತೆ, ಕನ್ಸಲ್ಟೆಂಟ್ ಕರೆಸ್ತಾರಂತೆ."

ಮಾತು ಎಷ್ಟು ನಿಜವೋ, ಎಷ್ಟು ಟೀ ಜೊತೆಗಿನ ಹೊಗೆಯೋ ಬಿಡಿ. ಇದನ್ನ ನಾನು ಬೇರೆ ಊರಿನ ಗೆಳೆಯರ ಬಾಯಲ್ಲೂ ಕೇಳಿದ್ದೀನಿ. ಕೇಳಲಿಕ್ಕೆ ಚೆನ್ನಾಗಿದೆ. ಊರಲ್ಲಿ ಯಾರಿದ್ದಾರೆ, ಎಷ್ಟು ವಯಸ್ಸು, ಏನು ಓದಿದ್ದಾರೆ, ಏನು ದುಡಿಯುತ್ತಾರೆ ಅಂತ ತಿಳಕೊಂಡು ಯೋಜನೆ ಮಾಡೋದು ತಪ್ಪು ಅಂತ ಯಾರು ಹೇಳ್ತಾರೆ? ನಾನೂ ಹೇಳಲ್ಲ. ನನ್ನ ತಕರಾರು ಬೇರೆ. ಏನು ಮಾಡಲಿಕ್ಕೆ ಎಣಿಸ್ತೀರಿ ಅನ್ನೋದನ್ನ ಮೊದಲು ಹೇಳದೆ ಎಣಿಸಲಿಕ್ಕೆ ಹೊರಟರೆ, ದುಡಿಯುವ ಅರ್ಧ ಊರು ಆ ಎಣಿಕೆಯಲ್ಲೇ ಕಾಣೆಯಾಗುತ್ತೆ. ಕಾಣೆಯಾದವರ ಜಾಗದಲ್ಲಿ ಆಮೇಲೆ ಯಾವುದನ್ನ ಬೇಕಾದರೂ ಕಟ್ಟಬಹುದು.

ನಮ್ಮ ದೊಡ್ಡಮ್ಮನ ವಿಷಯ ಹೇಳ್ತೀನಿ. ವಯಸ್ಸು ಅರವತ್ತೆರಡು. ಬೆಳಗ್ಗೆ ನಾಲ್ಕೂವರೆಗೆ ಒಲೆ ಹಚ್ಚಿದರೆ ಹತ್ತು ಗಂಟೆ ಒಳಗೆ ನೂರೈವತ್ತು ಜೋಳದ ರೊಟ್ಟಿ ತಟ್ಟಿ ಮುಗಿಸ್ತಾಳೆ. ಪಕ್ಕದ ಓಣಿಯಿಂದ ಇಬ್ಬರು ಹೆಣ್ಣುಮಕ್ಕಳು ಕೈಜೋಡಿಸಲಿಕ್ಕೆ ಬರ್ತಾರೆ, ಅವರಿಗೆ ವಾರಕ್ಕೊಮ್ಮೆ ಸಂಬಳ. ರೊಟ್ಟಿ ಎರಡು ಖಾನಾವಳಿಗೆ ಹೋಗುತ್ತೆ, ಉಳಿದದ್ದು ಹಾಸ್ಟೆಲ್ ಹುಡುಗರಿಗೆ. ಜೋಳ ತರೋದು, ಗಿರಣಿಗೆ ಕಳಿಸೋದು, ಖಾನಾವಳಿಯವರ ಹತ್ತಿರ ಬಾಕಿ ವಸೂಲಿ ಮಾಡೋದು, ಎಲ್ಲ ಅವಳದೇ. ಬಾಕಿ ವಸೂಲಿಯಲ್ಲಂತೂ ಯಾವ ಬ್ಯಾಂಕಿನವರೂ ಅವಳ ಹತ್ತಿರ ಪಾಠ ಕಲೀಬೇಕು.

ಹೋದ ವರ್ಷ ಯಾವುದೋ ಸಮೀಕ್ಷೆ ಅಂತ ಒಬ್ಬ ಹುಡುಗ ಮೊಬೈಲ್ ಹಿಡಕೊಂಡು ಬಂದ. ನಾನೂ ಅಲ್ಲೇ ಕೂತಿದ್ದೆ.

"ಅಮ್ಮಾ, ನೀವು ಏನ್ ಕೆಲ್ಸ ಮಾಡ್ತೀರಾ?"

"ನಾನೇನ್ ಮಾಡ್ಲಪ್ಪಾ, ಮನ್ಯಾಗೇ ಇರ್ತೀನಿ."

ಹುಡುಗ 'ಗೃಹಿಣಿ' ಅಂತ ಒತ್ತಿದ. ಮುಂದಿನ ಪ್ರಶ್ನೆಗೆ ಹೋದ. ಅವನ ಹಿಂದೆ ಗೋಡೆಗೆ ಆನಿಸಿ ಬುಟ್ಟಿಯಲ್ಲಿ ನೂರೈವತ್ತು ರೊಟ್ಟಿ ಆರ್ತಾ ಇದ್ದವು. ಅವನ ತಪ್ಪೂ ಅಲ್ಲ, ಅವನಿಗೆ ದಿನಕ್ಕೆ ಇಷ್ಟು ಮನೆ ಅಂತ ಟಾರ್ಗೆಟ್ ಇರುತ್ತೆ. ದೊಡ್ಡಮ್ಮನ ತಪ್ಪೂ ಅಲ್ಲ. ಅವಳ ಲೆಕ್ಕದಲ್ಲಿ 'ಕೆಲಸ' ಅಂದರೆ ಗಂಡಸರು ಮಿಲ್ಲಿಗೆ ಹೋಗ್ತಿದ್ರಲ್ಲ, ಅದು.

ಇದು ನಮ್ಮ ಮನೆಯದೊಂದೇ ಕತೆ ಅಂತ ತಿಳೀಬೇಡಿ. ದೇಶದ ಜನಗಣತಿಗೇ ಈ ವಿಷಯ ತಲೆಗೆ ಹೋಗಲಿಕ್ಕೆ ಬಹಳ ಕಾಲ ಹಿಡೀತು. ಹೊಲದಲ್ಲಿ, ಮನೆಯ ಉದ್ದಿಮೆಯಲ್ಲಿ ಸಂಬಳವಿಲ್ಲದೆ ದುಡಿಯೋದೂ ಕೆಲಸವೇ ಅಂತ ಪ್ರಶ್ನೆಯ ಒಳಗೇ ಬಿಡಿಸಿ ಸೇರಿಸಿದ್ದು 1991ರ ಜನಗಣತಿಯಲ್ಲಿ. ಸ್ವಾತಂತ್ರ್ಯ ಬಂದು ನಲವತ್ತನಾಲ್ಕು ವರ್ಷ ಆದಮೇಲೆ! ವರ್ಷಕ್ಕೆ ಆರು ತಿಂಗಳಿಗಿಂತ ಕಡಿಮೆ ದುಡಿದವರು 'ಅಲ್ಪಕಾಲಿಕ', ಮನೆಗೆಲಸದವರು 'ಕೆಲಸ ಮಾಡದವರು'. ಪ್ರಶ್ನೆ ಸರಿಯಿದ್ದರೂ ಕೇಳುವವನಿಗೆ ಪುರುಸೊತ್ತಿಲ್ಲದಿದ್ದರೆ ಉತ್ತರ ಅದೇ ಹಳೇದೇ ಬರುತ್ತೆ. ಇನ್ನು ಟೆಂಡರ್ ಹಿಡಿದ ಕಂಪನಿ ಎರಡು ತಿಂಗಳಲ್ಲಿ ಮುಗಿಸುವ ಅಧ್ಯಯನದಲ್ಲಿ ಏನು ಬಂದೀತು, ನೀವೇ ಹೇಳಿ.

ದಾವಣಗೆರೆಯ ಬದುಕು ನಡೆಯೋದೇ ಇಂಥ 'ಏನೂ ಮಾಡದವರ' ಮೇಲೆ. ಒಂದು ಕಾಲಕ್ಕೆ ನಮ್ಮೂರನ್ನ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ರು. ಸೈರನ್ ಕೂಗಿದರೆ ಗಡಿಯಾರ ನೋಡೋದು ಬೇಡ. ಆಗ ಊರಲ್ಲಿ ಯಾರು ದುಡೀತಾರೆ ಅಂತ ಎಣಿಸೋದು ಸುಲಭ ಇತ್ತು, ಮಿಲ್ಲಿನ ಮಸ್ಟರ್ ರೋಲ್ ತೆಗೆದರೆ ಮುಗೀತು. ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು. ಮಸ್ಟರ್ ರೋಲ್ ಹೋಯ್ತು, ಜನ ಎಲ್ಲಿ ಹೋಗ್ತಾರೆ? ಮಂಡಕ್ಕಿ ಭಟ್ಟಿಗೆ ಹೋದರು, ಆಟೋ ಹಿಡಿದರು, ಮೆಕ್ಕೆಜೋಳದ ಚೀಲ ಹೊತ್ತರು, ತಳ್ಳುಗಾಡಿ ತಳ್ಳಿದರು. ಹೆಂಗಸರು ಹೊಲಿಗೆ, ಬೀಡಿ, ರೊಟ್ಟಿ, ಮನೆಗೆಲಸ.

ಭಟ್ಟಿ ನೋಡಿದ್ದೀರಾ? ಬೆಣ್ಣೆದೋಸೆ ತಿನ್ನಲಿಕ್ಕೆ ಬಂದವರು ಅಲ್ಲಿಗೆ ಹೋಗಲ್ಲ. ಅಕ್ಕಿಗೆ ಉಪ್ಪು ಹಿಡಿಸಿ, ಒಣಗಿಸಿ, ಕೆಂಡದಂಥ ಮರಳಲ್ಲಿ ಅರಳಿಸೋ ಕೆಲಸ. ಒಳಗೆ ಐದು ನಿಮಿಷ ನಿಂತರೆ ಅಂಗಿ ಒದ್ದೆ. ಟೈರ್ ಸುಟ್ಟ ಹೊಗೆಯ ದೂರು ಹಳೇದು, ಮಕ್ಕಳನ್ನ ದುಡಿಸೋ ದೂರೂ ಹಳೇದು. ಎರಡೂ ನಿಜವಾದ ದೂರುಗಳೇ, ನಾನು ಭಟ್ಟಿಯನ್ನ ಸ್ವರ್ಗ ಅಂತ ಹಾಡಲಿಕ್ಕೆ ಬಂದಿಲ್ಲ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ ಇಪ್ಪತ್ತು ಊರುಗಳ ಪಟ್ಟಿಯಲ್ಲಿ ಬೆಳಗಾವಿ ಜೊತೆ ನಮ್ಮೂರ ಹೆಸರೂ ಬಂದಾಗ, ಭಟ್ಟಿ ಪ್ರದೇಶದ ಉದ್ಧಾರದ ಮಾತೂ ಕಾಗದದಲ್ಲಿತ್ತು. ಆದರೆ ಭಟ್ಟಿಯನ್ನ ನಮ್ಮವರು ಯಾವತ್ತೂ ನೋಡೋದು ಹೊಗೆಯ ಸಮಸ್ಯೆ ಅಂತ, ಕೊಳೆಗೇರಿಯ ಸಮಸ್ಯೆ ಅಂತ. ಉದ್ಯಮ ಅಂತ ಅಲ್ಲ. ಸಂಜೆ ಖಾರಾ ಮಂಡಕ್ಕಿ ಮೆಣಸಿನಕಾಯಿ ಇಲ್ಲದೆ ಊರಿಗೆ ಹೊತ್ತು ಮುಳುಗಲ್ಲ, ಆದರೂ ಅದು 'ಇಂಡಸ್ಟ್ರಿ' ಅಲ್ಲ. ಯಾರೋ ಬಂದು ಗಾಜಿನ ಕಟ್ಟಡ ಕಟ್ಟಿದರೆ ಮಾತ್ರ ಇಂಡಸ್ಟ್ರಿ.

ಹಾಗಾಗೇ ನನಗೆ ಈ 'ಪ್ರೊಫೈಲ್' ಅನ್ನೋ ಪದ ಕಂಡರೆ ಅನುಮಾನ. ವಯೋಮಾನ, ಕುಟುಂಬದ ಆದಾಯ, ಖರೀದಿ ಶಕ್ತಿ, ಎರಡು ಚಕ್ರವೋ ನಾಲ್ಕು ಚಕ್ರವೋ. ಇವು ಯಾರಿಗೆ ಬೇಕಾದ ಪ್ರಶ್ನೆ? ಮಾಲ್ ಕಟ್ಟುವವನಿಗೆ, ಬ್ರ್ಯಾಂಡ್ ಶೋರೂಂ ತೆಗೆಯುವವನಿಗೆ. ಅವನಿಗೆ ಬೇಕಿದ್ದರೆ ಅವನೇ ದುಡ್ಡು ಕೊಟ್ಟು ಸರ್ವೆ ಮಾಡಿಸಿಕೊಳ್ಳಲಿ, ನಮ್ಮ ಮನೆ ಕಂದಾಯದಲ್ಲಿ ಯಾಕೆ? ಊರಿನವರು ಏನು ಕೊಳ್ಳಬಲ್ಲರು ಅನ್ನೋದೇ ಪ್ರಶ್ನೆ ಆದರೆ ಊರು ಗಿರಾಕಿ. ಊರಿನವರು ಏನು ಮಾಡಬಲ್ಲರು, ಅದಕ್ಕೆ ಎಲ್ಲಿ ಅಡ್ಡಿ ಇದೆ ಅಂತ ಕೇಳಿದರೆ ಊರು ದುಡಿಮೆಗಾರ. ಎರಡು ಪ್ರಶ್ನೆಗೆ ಎರಡು ಬೇರೆ ಊರು ಕಾಣುತ್ತೆ.

"ಮಾಹಿತಿ ಇಲ್ಲ, ಅದಕ್ಕೇ ಕೆಲಸ ಆಗ್ತಿಲ್ಲ" ಅನ್ನೋ ವಾದ ಒಂದಿದೆಯಲ್ಲ, ಅದನ್ನ ಸ್ವಲ್ಪ ಕೆದಕೋಣ. ಅರ್ಧ ನಿಜ. ಕೊನೆಯ ಜನಗಣತಿ 2011ರದ್ದು. 2021ರದ್ದು ಕೊರೊನಾ ನೆಪದಲ್ಲಿ ಮುಂದೆ ಹೋಗಿ ಹೋಗಿ ಈಗ 2027ಕ್ಕೆ ಬಂದು ನಿಂತಿದೆ. ಆರ್ಥಿಕ ಗಣತಿಯ ಏಳನೇ ಸುತ್ತು 2019ರಲ್ಲಿ ಶುರುವಾಯ್ತು, ಫಲಿತಾಂಶದ ಮುಖ ನಾವು ನೋಡಲಿಲ್ಲ. ಇದರಿಂದ ಏನು ನಷ್ಟ ಅಂದರೆ, ನೋಡಿ: ಬೀದಿ ವ್ಯಾಪಾರಿಗಳ 2014ರ ಕಾಯ್ದೆ ಪ್ರಕಾರ ಊರಿನ ಜನಸಂಖ್ಯೆಯ ಶೇಕಡಾ 2.5ರಷ್ಟು ವ್ಯಾಪಾರಿಗಳವರೆಗೆ ಜಾಗ ಮಾಡಿಕೊಡಬೇಕು. 2011ರ ಲೆಕ್ಕದಲ್ಲಿ ದಾವಣಗೆರೆ ನಗರದ ಜನಸಂಖ್ಯೆ ಸುಮಾರು 4.35 ಲಕ್ಷ. ಅಂದರೆ ಹೆಚ್ಚುಕಡಿಮೆ 10,900 ಜನ. ಊರು ಅಲ್ಲಿಂದ ಎಷ್ಟು ಬೆಳೆದಿದೆ ಅಂತ ಶಾಮನೂರು ಕಡೆ ಒಂದು ಸುತ್ತು ಹೊಡೆದರೆ ಕಾಣುತ್ತೆ, ಆದರೆ ಕಾಗದದ ಮೇಲೆ ಊರು ಹದಿನೈದು ವರ್ಷದಿಂದ ಅಷ್ಟೇ ಇದೆ.

ಉಳಿದರ್ಧ? ಅದೇ ಕಾಯ್ದೆ ಹೇಳುತ್ತೆ: ಐದು ವರ್ಷಕ್ಕೊಮ್ಮೆಯಾದರೂ ವ್ಯಾಪಾರಿಗಳ ಸಮೀಕ್ಷೆ ಆಗಲೇಬೇಕು, ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಆ ಸಮಿತಿಯಲ್ಲಿ ಕನಿಷ್ಠ ಶೇಕಡಾ 40ರಷ್ಟು ಜನ ವ್ಯಾಪಾರಿಗಳೇ ಇರಬೇಕು, ಅದೂ ಚುನಾಯಿತರಾಗಿ. ನೋಡಿ, ಇದು ಎಣಿಕೆ ಅಂದರೆ! ಯಾಕೆ ಎಣಿಸ್ತೀವಿ ಅಂತ ಗೊತ್ತು, ಎಣಿಸಿದರೆ ಎಣಿಸಿಕೊಂಡವನಿಗೆ ಏನು ಸಿಗುತ್ತೆ ಅಂತ ಗೊತ್ತು, ಎಣಿಸುವ ಮೇಜಿನ ಈಚೆಗೂ ಆಚೆಗೂ ಅವನೇ ಕೂತಿದ್ದಾನೆ. 2020ರಲ್ಲಿ ಲಾಕ್‌ಡೌನ್ ಆದಮೇಲೆ ಹತ್ತು ಸಾವಿರ ರೂಪಾಯಿಯ ಸ್ವನಿಧಿ ಸಾಲ ಬಂತಲ್ಲ, ಆಗ ಪಟ್ಟಿಯಲ್ಲಿದ್ದವರು ಕಾರ್ಡ್ ತೋರಿಸಿದರು. ಇಲ್ಲದವರು ಶಿಫಾರಸು ಪತ್ರಕ್ಕೆ ಅಲೆದರು. ಎಣಿಕೆಗೆ ಸಿಗೋದು, ಸಿಗದೇ ಇರೋದು ಬರೀ ಅಂಕಿಅಂಶದ ವಿಷಯ ಅಲ್ಲ ಅಂತ ಆವಾಗ ತಳ್ಳುಗಾಡಿಯವರಿಗೆ ಸರಿಯಾಗಿ ಅರ್ಥ ಆಯ್ತು. ಹಾಗಾಗಿ ಕೇಳ್ತೀನಿ: ಕಾನೂನು ಕಡ್ಡಾಯ ಮಾಡಿದ ಈ ಒಂದು ಸಮೀಕ್ಷೆಯನ್ನ ಹೊತ್ತಿಗೆ ಸರಿಯಾಗಿ, ಪೂರ್ತಿಯಾಗಿ ಮಾಡಿ ಗೋಡೆಗೆ ಅಂಟಿಸಿದ ಪಾಲಿಕೆ ನಿಮ್ಮೂರಲ್ಲಿದೆಯಾ? ಇದ್ದರೆ ಪುಣ್ಯವಂತರು. ಇಲ್ಲದಿದ್ದರೆ ಇನ್ನೊಂದು ದೊಡ್ಡ ಅಧ್ಯಯನ ಯಾವ ಬಾಯಲ್ಲಿ ಕೇಳೋದು?

ಮತ್ತೆ, ಇರುವ ಮಾಹಿತಿ ಕಡಿಮೆಯೇನಿಲ್ಲ. ಉದ್ದಿಮೆ ಪರವಾನಗಿ ಪಾಲಿಕೆಯದ್ದೇ. ಆಸ್ತಿ ತೆರಿಗೆ ಪಾಲಿಕೆಯದ್ದೇ. ಯಾವ ಓಣಿಯಲ್ಲಿ ಮನೆ ಮೀಟರು ವಾಣಿಜ್ಯ ಮೀಟರಾಯ್ತು ಅಂತ ಬೆಸ್ಕಾಂಗೆ ಗೊತ್ತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಸರ್ಕಾರಿ ಬಸ್ ಹತ್ತುವ ಪ್ರತಿ ಹೆಣ್ಣುಮಗಳಿಗೂ ಕಂಡಕ್ಟರ್ ಶೂನ್ಯ ಟಿಕೆಟ್ ಹರಿದು ಕೊಡ್ತಾನೆ. ಎಲ್ಲಿ ಹತ್ತಿದಳು, ಎಲ್ಲಿಗೆ ಹೊರಟಳು ಅಂತ ಆ ಮಷೀನಿಗೆ ಗೊತ್ತು. ಹರಿಹರದಿಂದ, ಜಗಳೂರಿಂದ, ಚನ್ನಗಿರಿ ಕಡೆಯಿಂದ ಬೆಳಗ್ಗೆ ಎಷ್ಟು ಜನ ಹೆಂಗಸರು ಈ ಊರಿಗೆ ಬಂದು ಸಂಜೆ ವಾಪಸ್ ಹೋಗ್ತಾರೆ ಅನ್ನೋದು ಯಾವ ಮನೆಮನೆ ಸಮೀಕ್ಷೆಯಲ್ಲೂ ಸಿಗಲ್ಲ, ಯಾಕಂದರೆ ಅವರ ಮನೆ ಇಲ್ಲಿಲ್ಲ. ಜನಗಣತಿ ಎಣಿಸೋದು ರಾತ್ರಿ ಮಲಗುವ ಊರನ್ನ. ಆರ್ಥಿಕತೆ ನಡೆಯೋದು ಹಗಲಿನ ಊರಲ್ಲಿ. ಓದಲಿಕ್ಕೆ ಬಂದು ಪಿಜಿಯಲ್ಲಿರುವ ಹುಡುಗರದ್ದೂ ಇದೇ ಪಾಡು. 1951ರಲ್ಲಿ ಇಂಜಿನಿಯರಿಂಗ್ ಕಾಲೇಜು, 1965ರಲ್ಲಿ ಮೆಡಿಕಲ್ ಕಾಲೇಜು ಬಂದ ಊರಿದು. ಮಿಲ್ಲು ಮುಚ್ಚಿದ ಮೇಲೆ ಎಷ್ಟೋ ಓಣಿಗಳ ಒಲೆ ಉರಿದದ್ದು ಈ ಹುಡುಗರ ಬಾಡಿಗೆ, ಊಟದ ದುಡ್ಡಲ್ಲೇ.

ಇವನ್ನೆಲ್ಲ ಹೆಸರು ತೆಗೆದು, ಬರೀ ಸಂಖ್ಯೆ ಮಾಡಿ ಒಂದು ಮೇಜಿನ ಮೇಲೆ ಇಡಲಿಕ್ಕೆ ಕನ್ಸಲ್ಟೆಂಟ್ ಬೇಕಾ? ನಾಲ್ಕು ಇಲಾಖೆಯವರು ಒಂದು ದಿನ ಕೂತರೆ ಅರ್ಧ ಕೆಲಸ ಮುಗೀತು. ಕೂರಲ್ಲ ಅನ್ನೋದೇ ಸಮಸ್ಯೆ, ಆ ಸಮಸ್ಯೆಗೆ ಯಾವ ಅಧ್ಯಯನದಲ್ಲೂ ಔಷಧ ಇಲ್ಲ.

ಅಧ್ಯಯನ ಮುಗಿದ ಮೇಲಿನ ಕತೆಯೂ ನಮಗೆ ಗೊತ್ತಿರೋದೇ. 2015ರಲ್ಲಿ ರಾಜ್ಯದ ಮನೆಮನೆಗೂ ಮೇಷ್ಟ್ರುಗಳು ಹೋಗಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಮಾಡಿದರು. ವರದಿ ಸರ್ಕಾರದ ಕೈ ಸೇರಿದ್ದು 2024ರ ಫೆಬ್ರವರಿಯಲ್ಲಿ. 2025ರಲ್ಲಿ, ಅದು ಹಳೇದಾಯ್ತು, ಹೊಸದಾಗಿ ಮಾಡೋಣ ಅಂದರು. ಸೆಪ್ಟೆಂಬರ್ 22ರಿಂದ ಅರವತ್ತು ಪ್ರಶ್ನೆ ಹಿಡಿದು ಮತ್ತೆ ಮೇಷ್ಟ್ರುಗಳೇ ಹೊರಟರು. ಹತ್ತು ವರ್ಷ ಪೆಟ್ಟಿಗೆಯಲ್ಲಿಟ್ಟರೆ ಹಳೇದಾಗದೆ ಇನ್ನೇನಾಗುತ್ತೆ ಸ್ವಾಮಿ? ಪರವೋ ವಿರೋಧವೋ, ಅದು ಬೇರೆ ಜಗಳ. ಜನ ಬಾಗಿಲಲ್ಲಿ ನಿಂತು ಕೊಟ್ಟ ಉತ್ತರವನ್ನ ಜನಕ್ಕೇ ತೋರಿಸದೆ ಕೊಳೆಸುವ ರೂಢಿ ನಮ್ಮಲ್ಲಿದೆ ಅನ್ನೋದಷ್ಟೇ ನಾನು ಹೇಳ್ತಿರೋದು.

ಆರ್ಥಿಕ, ಸಾಮಾಜಿಕ ಅಭಿವೃದ್ಧಿಯ ಯೋಜನೆ ಅನ್ನೋದು ಸಂವಿಧಾನದ ಹನ್ನೆರಡನೇ ಅನುಸೂಚಿಯಲ್ಲಿ ನಗರಸಭೆ, ಪಾಲಿಕೆಗಳಿಗೆ ವಹಿಸಬಹುದಾದ ಕೆಲಸಗಳ ಪಟ್ಟಿಯಲ್ಲಿ ಮೂರನೆಯದು. ಮೂರು ಲಕ್ಷ ದಾಟಿದ ಊರಿಗೆ ವಾರ್ಡ್ ಸಮಿತಿ ಇರಬೇಕು ಅಂತಲೂ ಅದೇ 74ನೇ ತಿದ್ದುಪಡಿ ಹೇಳುತ್ತೆ. ಅಧ್ಯಯನ ಮಾಡಲೇಬೇಕು ಅಂದರೆ ಅಲ್ಲಿಂದ ಮಾಡಿ. ಪ್ರಶ್ನಾವಳಿಯನ್ನ ಮೊದಲು ವಾರ್ಡಿನಲ್ಲಿ ಓದಿಸಿ. ಭಟ್ಟಿಯವರನ್ನ, ರೊಟ್ಟಿಯವರನ್ನ, ಹಮಾಲರನ್ನ ಕೂರಿಸಿಕೊಂಡು ಏನು ಕೇಳಬೇಕು ಅಂತ ಕೇಳಿ. ನಮ್ಮೂರಿನ ಕಾಲೇಜುಗಳಲ್ಲಿ ಅರ್ಥಶಾಸ್ತ್ರ, ಸಮಾಜಕಾರ್ಯ ಓದುವ ಹುಡುಗ ಹುಡುಗಿಯರಿದ್ದಾರೆ, ಅವರಿಗೆ ದಿನಗೂಲಿ ಕೊಟ್ಟು ತರಬೇತಿ ಕೊಡಿ. ಮನ್ಯಾಗೇ ಇರ್ತೀನಿ ಅಂದಾಗ ಬುಟ್ಟಿ ಕಡೆ ಕಣ್ಣು ಹಾಯಿಸುವಷ್ಟು ತರಬೇತಿ ಸಾಕು. ಬಂದ ಉತ್ತರವನ್ನ, ಮನೆಯವರ ಹೆಸರಿಲ್ಲದೆ, ವಾರ್ಡಿನ ಗೋಡೆಗೆ ಹಚ್ಚಿ. ತಪ್ಪಿದ್ದರೆ ಓಣಿಯವರೇ ಹೇಳ್ತಾರೆ, ಬೈದೇ ಹೇಳ್ತಾರೆ. ಮುಖ್ಯವಾಗಿ, ಈ ಉತ್ತರ ಬಂದರೆ ಈ ಕೆಲಸ ಮಾಡ್ತೀವಿ ಅಂತ ಮೊದಲೇ ಬರೆದು ಸಹಿ ಹಾಕಿ. ಹೊಗೆ ಕಡಿಮೆ ಮಾಡುವ ಒಲೆಗೆ ಸಹಾಯಧನವೋ, ಹೆಂಗಸರು ಕೆಲಸಕ್ಕೆ ಬರುವ ಹೊತ್ತಿಗೆ ಬಸ್ಸೋ, ಸಣ್ಣ ಆಹಾರ ಉದ್ದಿಮೆಯವರ ನೋಂದಣಿಗೆ ಓಣಿಯಲ್ಲೇ ಕ್ಯಾಂಪೋ. ಆ ನೋಂದಣಿಗೆ ವರ್ಷಕ್ಕೆ ಶುಲ್ಕ ನೂರೇ ರೂಪಾಯಿ ಸ್ವಾಮಿ. ಅದು ಇದೆ ಅಂತ ದೊಡ್ಡಮ್ಮನಿಗೆ ಹೇಳಲಿಕ್ಕೆ ಯಾವ ಸರ್ವೆಯವರೂ ಬಂದಿಲ್ಲ.

ಇಷ್ಟೆಲ್ಲ ಬರೀತಿದ್ದೀನಿ ಅಂತ ಅವಳಿಗೆ ಹೇಳಿದೆ. "ಇನ್ನೊಂದ್ ಸಲ ಎಣಿಸ್ಲಿಕ್ಕೆ ಬಂದ್ರೆ ಏನ್ ಕೇಳ್ಬೇಕು ಅವ್ರು?" ಅಂದೆ.

ಹಿಟ್ಟು ನಾದೋದು ನಿಲ್ಲಿಸದೆ ಹೇಳಿದಳು: "ಕೇಳೋದು ಆಮೇಲಿರ್ಲಿ. ಹತ್ ಗಂಟಿ ಒಳಗ ಬರಬ್ಯಾಡ ಅನ್ನು. ಒಲಿ ಮುಂದ ಇರ್ತೀನಿ."